ಬೆಳ್ಳಗಿನ ಮಗು ಆರಿಸಿ ಕೊಡ್ತೀರಾ?

ಇಲ್ಲ. ಕೊಡಲ್ಲ. ಕೊಡಲು ಬರುವುದೂ ಇಲ್ಲ.

ನಾನು ಐವಿಎಫ್ ಲ್ಯಾಬಿನಲ್ಲಿ ಎಂಬ್ರಿಯಾಲಜಿಸ್ಟ್. ಅಂದರೆ ದೇಹದ ಹೊರಗೆ ಅಂಡ-ವೀರ್ಯ ಸೇರಿಸಿ ಭ್ರೂಣ ಬೆಳೆಸುವವಳು/ನು ಅಲ್ಲಿ ಮಾಡುವ ಕೆಲಸ ನನ್ನದು. ಕೆಲಸ ಏನೆಂದು ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯ ಹಿರಿಯರು ಕೇಳಿದರು: "ಹೇಗೂ ದುಡ್ಡು ಕೊಡ್ತೀವಿ. ಸ್ವಲ್ಪ ಬೆಳ್ಳಗೆ, ಉದ್ದಕ್ಕೆ, ಬುದ್ಧಿವಂತ... ಗಂಡಾದರೆ ಇನ್ನೂ ಒಳ್ಳೇದು." ಅವರ ಸೊಸೆ ಪಕ್ಕದಲ್ಲೇ ಕೂತಿದ್ದಳು. ಕಪ್ಪಗಿನ ಹುಡುಗಿ. ತಲೆ ಎತ್ತದೆ ಅನ್ನ ಕಲಸುತ್ತಿದ್ದಳು. ಪ್ರಶ್ನೆ ಕೇಳಿದ್ದು ನನ್ನನ್ನು, ಪೆಟ್ಟು ಬಿದ್ದದ್ದು ಅವಳಿಗೆ. ನನಗೆ ಊಟ ಸೇರಲಿಲ್ಲ.

ಗಂಡು-ಹೆಣ್ಣು ಆರಿಸುವುದು ಅಪರಾಧ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿಗೆ 2003ರಲ್ಲಿ ತಿದ್ದುಪಡಿ ತಂದು, ಗರ್ಭ ನಿಲ್ಲುವ ಮೊದಲಿನ ಆಯ್ಕೆಯನ್ನೂ ನಿಷೇಧಿಸಿದ್ದಾರೆ. ಮಾಡಿಕೊಡಿ ಎಂದು ಬಂದವರಿಗೂ ಶಿಕ್ಷೆ ಇದೆ. ಎತ್ತರ? 2022ರ ಒಂದು ದೊಡ್ಡ ಅಧ್ಯಯನ ಎತ್ತರಕ್ಕೆ ನಂಟಿರುವ ಸುಮಾರು 12,000 ಜೀನ್ ವ್ಯತ್ಯಾಸಗಳನ್ನು ಗುರುತಿಸಿತು. ಯಾವುದನ್ನು ಆರಿಸಲಿ? ಜೀನ್ ತಿದ್ದಿಬಿಡಿ ಅನ್ನುವವರೂ ಇದ್ದಾರೆ. ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಅದನ್ನೇ ಮಾಡಿದ. ಎಚ್‌ಐವಿ ತಗುಲದಿರಲಿ ಎಂದು ಭ್ರೂಣದ ಜೀನ್ ತಿದ್ದಿದ, 2018ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ತಿದ್ದಿದ್ದು ಅವನು ಅಂದುಕೊಂಡ ಹಾಗೆ ಕೂರಲಿಲ್ಲ. ಅವನಿಗೆ 3 ವರ್ಷ ಜೈಲಾಯಿತು. ಆ ಮಕ್ಕಳಿಗೆ ಅದು ಜೀವಮಾನದ್ದು.

ನಾವು ಮಾಡುವುದು ಚಿಕ್ಕ ಕೆಲಸ. ಐದನೇ ದಿನದ ಭ್ರೂಣದಲ್ಲಿ, ಮುಂದೆ ಮಾಸು ಆಗುವ ಹೊರಪದರದಿಂದ ಐದಾರು ಜೀವಕೋಶಗಳನ್ನು ಲೇಸರ್‌ನಿಂದ ಬಿಡಿಸಿ ಪರೀಕ್ಷೆಗೆ ಕಳಿಸುತ್ತೇವೆ. ಕೈ ಅಲುಗಬಾರದು. ಥಲಸ್ಸೇಮಿಯಾ ಅನ್ನುವುದು ಆನುವಂಶಿಕ ರಕ್ತದ ಕಾಯಿಲೆ. ಅಪ್ಪ ಅಮ್ಮ ಇಬ್ಬರೂ ಅದರ ಕ್ಯಾರಿಯರ್ ಆಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ಜೀನ್ ಮಾತ್ರ ಹೊತ್ತಿದ್ದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಜೋರಾಗಿ ಬಂದರೆ ತಿಂಗಳು ತಿಂಗಳೂ ರಕ್ತ ಹಾಕಿಸುವ ಬದುಕು. ಅಂಥ ಭ್ರೂಣ ಬಿಟ್ಟು ಇನ್ನೊಂದನ್ನು ಆರಿಸಲು ನನಗೆ ಅಳುಕಿಲ್ಲ.

ಯಾರಾದರೂ ಕಿವುಡುತನದ ಬಗ್ಗೆ ಕೇಳಬಾರದಾ ಅನ್ನಿಸುತ್ತದೆ. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದು ಇನ್ನೂ ಇದೆ. ಹುಟ್ಟು ಕಿವುಡುತನದ ಜೀನ್ ಎರಡೂ ಕಡೆಯಿಂದ ಬರುವ ಸಂಭವ ಅಲ್ಲಿ ಜಾಸ್ತಿ. ಜೀನ್ ಯಾವುದೆಂದು ಗೊತ್ತಿದ್ದರೆ ಭ್ರೂಣದಲ್ಲೇ ಪತ್ತೆ ಮಾಡಬಹುದು. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ 2021ರ ಎಆರ್‌ಟಿ ಕಾನೂನು, ಮೊದಲೇ ಗೊತ್ತಿರುವ ಆನುವಂಶಿಕ ಕಾಯಿಲೆಗೆ ಮಾತ್ರ ಪರೀಕ್ಷೆ ಮಾಡಿ ಅನ್ನುತ್ತದೆ. ಕಿವಿ ಕೇಳದಿರುವುದು ಕಾಯಿಲೆನಾ? ಸನ್ನೆ ಭಾಷೆಯಲ್ಲೇ ಜಗಳ ಆಡಿ, ನಕ್ಕು, ಸಂಸಾರ ಮಾಡುವವರ ಎದುರು ಹಾಗನ್ನಲು ನನ್ನಿಂದ ಆಗುವುದಿಲ್ಲ. ಹೆದರಿ ಬರುವ ತಂದೆತಾಯಿಗೆ ಬಾಗಿಲು ಹಾಕಲೂ ಮನಸ್ಸಿಲ್ಲ. ಅವರಿಗೆ ಇಷ್ಟು ಹೇಳುತ್ತೇನೆ: ಕಿವುಡ ಮಕ್ಕಳಿರುವ ಮನೆಗೆ ಹೋಗಿ ಒಂದು ಮಧ್ಯಾಹ್ನ ಕೂತು ಬನ್ನಿ. ಆಮೇಲೂ ಪರೀಕ್ಷೆ ಬೇಕು ಅಂದರೆ ಮಾಡಿಕೊಡುತ್ತೇನೆ.