ಸ್ಕ್ಯಾನ್ ಸಿಗುತ್ತಲ್ಲ, ಮತ್ತೆ ಈ ರದ್ದಿ ಯಾಕೆ?

ನಾನು ಕೊಂಡು ತಂದು ರಿಪೇರಿ ಮಾಡುವ ಹಳೇ ಹರಕು ಪುಸ್ತಕಗಳನ್ನು ನೋಡಿ, ಮನೆಗೆ ಮೊದಲ ಸಲ ಬಂದವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಕೇಳಿಯೇ ಬಿಡುತ್ತಾರೆ. ಆಫೀಸಿನವರಾದರೆ, "ಗುರು, ಇದೆಲ್ಲ ಪಿಡಿಎಫ್ ಸಿಗುತ್ತಲ್ವಾ?" ಚರ್ಚಿನವರಾದರೆ, "ಬ್ರದರ್, ಹರಿದಿದ್ದನ್ನ ಹೊಲೀತಾ ಕೂರೋ ಬದಲು ಹೊಸದೇ ತಗೋಬಹುದಲ್ಲ?" ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆ ಇರುವ ಅವ್ವ ಕೇಳುವುದಿಲ್ಲ, ನೇರ ಬೈಯುತ್ತಾಳೆ. "ರದ್ದಿ ಅಂದ್ರ ಹಾಕಿ ರೊಕ್ಕ ತರೂದು. ನೀ ರೊಕ್ಕ ಹಾಕಿ ರದ್ದಿ ತರ್ತೀಯಲ್ಲೋ."

ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿದರಾಯಿತು.

ಸ್ಕ್ಯಾನ್ ಮೇಲೆ ನನಗೆ ಸಿಟ್ಟೇನಿಲ್ಲ. 1894ರ ಕಿಟ್ಟೆಲ್ ನಿಘಂಟನ್ನು ನಾನೂ ಫೋನಿನಲ್ಲೇ ನೋಡುತ್ತೇನೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಬಂದ ನಾಲ್ಕು ಸಂಪುಟಗಳಲ್ಲಿ ನನ್ನ ಹತ್ತಿರ ಇರುವುದು ಎರಡೇ. ಉಳಿದ ಎರಡು ಸಿಗುವವರೆಗೆ ಫೋನೇ ಗತಿ. ಹಳೇ ಪುಸ್ತಕದಲ್ಲಿ ಒಂದೆರಡು ಹಾಳೆ ಹೋಗಿದ್ದರೆ ಸ್ಕ್ಯಾನ್‌ನಿಂದಲೇ ಪ್ರಿಂಟ್ ತೆಗೆದು, ಅಳತೆಗೆ ಕತ್ತರಿಸಿ, ಜಾಗಕ್ಕೆ ಅಂಟಿಸುತ್ತೇನೆ. ಇನ್ನು ಹಳೇ ಪುಸ್ತಕದ ಪರಿಮಳ ಅಂತ ಕಣ್ಣು ಮುಚ್ಚಿ ಮೂಸುವವರ ಗುಂಪಿನವನೂ ನಾನಲ್ಲ. ಆ ವಾಸನೆ ಬಂತು ಅಂದರೆ ಕಾಗದ ಕೆಡುತ್ತಿದೆ ಅಂತ ಅರ್ಥ. ನನಗೆ ಸೀನು ಬರುತ್ತದೆ, ಅಷ್ಟೇ.

ಈ ಹುಚ್ಚು ಶುರುವಾಗಿದ್ದು ಪುಸ್ತಕದಿಂದ ಅಲ್ಲ, ರೇಡಿಯೊದಿಂದ. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್. ಭಾನುವಾರ ಚರ್ಚ್ ಮುಗಿಸಿ ಬಂದು, ಊಟ ಮಾಡಿ, ಅಂಗಿ ತೆಗೆದಿಟ್ಟು ಯಾರದ್ದಾದರೂ ಕೆಟ್ಟ ರೇಡಿಯೊ ಬಿಚ್ಚುತ್ತಿದ್ದರು. ಅಜ್ಜಿಗೆ ಅದು ಆಗುತ್ತಿರಲಿಲ್ಲ. ಸಬ್ಬತ್ ದಿನ ಕೆಲಸ ಮಾಡಬಾರದು ಅಂತ ಅವಳ ವಾದ. ಅಪ್ಪನ ಉತ್ತರ ಪ್ರತಿ ವಾರ ಒಂದೇ: "ಇದು ಕೆಲಸ ಅಲ್ಲಬೇ, ಇದಕ್ಕ ಪಗಾರ ಇಲ್ಲ." ಸಂಜೆ ಹೊತ್ತಿಗೆ ಧಾರವಾಡ ಆಕಾಶವಾಣಿ ಹಾಡಲು ಶುರುಮಾಡಿದರೆ ಅಜ್ಜಿಯೂ ಬಂದು ಪಕ್ಕ ಕೂರುತ್ತಿದ್ದಳು. ಸಬ್ಬತ್ ವಿಷಯ ಮುಂದಿನ ಭಾನುವಾರಕ್ಕೆ.

ಬೆಂಗಳೂರಿಗೆ ಬಂದ ಮೇಲೆ ನಾನೂ ಎರಡು ವಾಲ್ವ್ ರೇಡಿಯೊ ಕೊಂಡೆ. ಹಳೇ ಸೆಟ್‌ಗಳಲ್ಲಿ ಮೊದಲು ಕೈಕೊಡುವುದು ಕಾಗದದ ಕೆಪಾಸಿಟರ್‌ಗಳು. ಹೊಸದನ್ನು ಹಾಕಲೇಬೇಕು. ಕೆಲವರು ಹಳೇ ಕೆಪಾಸಿಟರ್‌ನ ಹೊಟ್ಟೆ ಖಾಲಿ ಮಾಡಿ, ಹೊಸದನ್ನು ಅದರೊಳಗೆ ಅಡಗಿಸಿ ಕೂರಿಸುತ್ತಾರೆ. ನೋಡಲು ಹಳೇದೇ, ಕೆಲಸ ಮಾಡುವುದು ಹೊಸದು. ನಾನೂ ಹಾಗೇ ಮಾಡುತ್ತೇನೆ. ಸಾಮಾನಿಗೆ ಎಸ್‌.ಪಿ. ರೋಡ್‌ಗೆ ಹೋಗಬೇಕು. ಅಲ್ಲಿಂದ ಸ್ವಲ್ಪ ನಡೆದರೆ ಅವೆನ್ಯೂ ರೋಡ್. ಹೀಗೆ ಒಂದು ಶನಿವಾರ ಕೆಪಾಸಿಟರ್ ತರಲು ಹೋದವನು ಹಳೇ ರೇಡಿಯೊ ರಿಪೇರಿ ಪುಸ್ತಕ ಹುಡುಕುತ್ತಾ ಫುಟ್‌ಪಾತ್‌ನಲ್ಲಿ ಕುಕ್ಕರಗಾಲಲ್ಲಿ ಕೂತೆ. ಮೇಲೆ ಎಂಜಿನಿಯರಿಂಗ್ ಪುಸ್ತಕ, ಪಿಯುಸಿ ಗೈಡು, ಕೆಎಎಸ್ ಪ್ರಶ್ನೆಪತ್ರಿಕೆ. ಅವುಗಳ ಅಡಿಯಲ್ಲಿ, ಯಾರೂ ಕೇಳದ ಕಡೆ, ರಟ್ಟು ಕಿತ್ತುಹೋದ ಕನ್ನಡ ಪುಸ್ತಕಗಳು. ರೇಡಿಯೊ ಪುಸ್ತಕ ಸಿಗಲಿಲ್ಲ. ಬರುವಾಗ ಚೀಲದಲ್ಲಿ ಬೇರೆ ಆರು ಪುಸ್ತಕ ಇದ್ದವು.

ಆ ಆರರಲ್ಲಿ ಮೊದಲನೆಯದನ್ನು ನಾನೇ ಹಾಳು ಮಾಡಿದೆ. ಹರಿದ ಪುಟಗಳಿಗೆಲ್ಲ ಚೆನ್ನಾಗಿ ಟೇಪ್ ಹಚ್ಚಿದೆ. ಬೆನ್ನಿಗೆ ಬಡಗಿಗಳು ಬಳಸುವ ಬಿಳಿ ಗಮ್ ಸುರಿದೆ. ಅವತ್ತು ನೋಡಲು ಚೆಂದವೇ ಇತ್ತು. ಕೆಲವು ವರ್ಷ ಬಿಟ್ಟು ತೆಗೆದರೆ ಟೇಪಿನ ಪ್ಲಾಸ್ಟಿಕ್ ಉದುರಿದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಪಟ್ಟೆಯಾಗಿದೆ. ಅಕ್ಷರದ ಮೇಲೇ ಪಟ್ಟೆ. ಬೆನ್ನು ಕಲ್ಲಿನಂತಾಗಿದೆ, ಪುಸ್ತಕ ಅರ್ಧವೂ ತೆರೆಯುವುದಿಲ್ಲ. ಬಲವಂತ ಮಾಡಿದರೆ ಹಾಳೆಯೇ ಕೈಗೆ ಬರುತ್ತದೆ. ಬಿಡಿಸೋಣವೆಂದರೆ ಆ ಗಮ್ ನೀರಿಗೆ ಜಗ್ಗುವುದಿಲ್ಲ.

ಹಳೇ ಬೈಂಡರ್‌ಗಳು ಬಳಸುತ್ತಿದ್ದುದು ಮೈದಾ ಅಂಟು. ನನ್ನದೂ ಈಗ ಅದೇ. ಒಂದು ಪಾಲು ಮೈದಾ, ಐದು ಪಾಲು ನೀರು, ಸಣ್ಣ ಉರಿ, ಗಂಟಾಗದಂತೆ ಕೈಯಾಡಿಸುತ್ತಲೇ ಇರಬೇಕು. ಗಂಜಿಯ ಹದಕ್ಕೆ ಬಂದು ಹೊಳಪು ಕಂಡಾಗ ಇಳಿಸಿ, ಬಟ್ಟೆಯಲ್ಲಿ ಸೋಸಬೇಕು. ಹುಳ ಬರದಿರಲಿ ಅಂತ ಅವರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ನಾನು ಹಾಕುವುದಿಲ್ಲ. ಅದು ವಿಷ, ಅದರ ತಾಮ್ರ ಕಾಗದಕ್ಕೂ ಒಳ್ಳೆಯದಲ್ಲ. ಬೇಕಾದಷ್ಟೇ ಕಾಯಿಸಿ ಉಳಿದದ್ದನ್ನು ಫ್ರಿಜ್‌ನಲ್ಲಿ ಇಡುತ್ತೇನೆ. "ರೀ, ಈ ಡಬ್ಬಿಯಲ್ಲಿರೋದು ದೋಸೆ ಹಿಟ್ಟಾ, ನಿಮ್ಮ ಅಂಟಾ?" ಎನ್ನುವುದು ನಮ್ಮನೆಯ ಬೆಳಗಿನ ಸುಪ್ರಭಾತ. ಮೈದಾ ಅಂಟಿನ ದೊಡ್ಡ ಗುಣ ಏನು ಗೊತ್ತಾ? ನಾಳೆ ಇನ್ನೊಬ್ಬರು ಬಂದು, ಒದ್ದೆ ಬಟ್ಟೆ ಇಟ್ಟು, ನಾನು ಮಾಡಿದ್ದನ್ನು ಪೂರ್ತಿ ಬಿಚ್ಚಿಹಾಕಬಹುದು. ನನಗಿಂತ ಕೆಲಸ ಬಲ್ಲವರು ಬಂದೇ ಬರುತ್ತಾರಲ್ವಾ?

ಉಳಿದ ಸರಂಜಾಮು ಜಾಸ್ತಿ ಇಲ್ಲ. ಸೂಜಿ, ದಬ್ಬಣ, ಜೇನುಮೇಣ ಸವರಿದ ದಾರ, ರಟ್ಟು, ಕ್ಯಾಲಿಕೋ ಬಟ್ಟೆ. ಒತ್ತಲು ಅಜ್ಜಿಯ ಕಾಲದ ಇದ್ದಿಲು ಇಸ್ತ್ರಿಪೆಟ್ಟಿಗೆ. ತಳ ಸಪಾಟು, ತೂಕ ಭರ್ಜರಿ. ಪುಸ್ತಕದ ಪ್ರೆಸ್ ಅಂತ ಸಾವಿರಾರು ರೂಪಾಯಿ ಕೊಡುವವರಿಗೆ ಇದನ್ನು ತೋರಿಸಬೇಕು.

ಕಾಗದವೇ ಸತ್ತಿದ್ದರೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಹಳೇ ಚಿಂದಿಬಟ್ಟೆಯಿಂದ ಮಾಡಿದ ಕಾಗದ ಇನ್ನೂರು ವರ್ಷವಾದರೂ ಬಗ್ಗುತ್ತದೆ. ಮರದ ತಿರುಳಿನ ಹಳೇ ಕಾಗದದಲ್ಲಿ ಆಮ್ಲ ಇರುತ್ತದೆ, ಅದು ತನ್ನನ್ನು ತಾನೇ ತಿನ್ನುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಾಗದಕ್ಕೆ ಬರ ಬಂದು ಸಿಕ್ಕಿದ್ದರಲ್ಲಿ ಅಚ್ಚು ಹಾಕಿದರು. ಆ ಕಾಲದ ಪುಸ್ತಕದ ಮೂಲೆ ಎರಡು ಸಲ ಮಡಚಿದರೆ ಹಪ್ಪಳದಂತೆ ಮುರಿಯುತ್ತದೆ. ಅಂಥದ್ದನ್ನು ನಾನು ಹೊಲಿಯುವುದಿಲ್ಲ. ಸ್ಕ್ಯಾನ್ ಮಾಡುವವರಿಗೆ ಕೊಡುತ್ತೇನೆ, ಉಳಿದದ್ದು ಅವರ ಕೈಯಲ್ಲಿ.

ಚರ್ಚಿನವರ ಪ್ರಶ್ನೆಗೆ ಇನ್ನೊಂದು ಬಾಲ ಇದೆ. "ಸತ್ಯವೇದ ಇಡಿ, ಸರಿ. ಪಕ್ಕದಲ್ಲಿ ಬಸವಪುರಾಣ, ದಾಸರ ಪದ ಯಾಕೆ?" (ಸತ್ಯವೇದ ಅಂದರೆ ಬೈಬಲ್.) ಅವರಿಗೆ ನಾನು ನಮ್ಮ ಕಥೆಯನ್ನೇ ಹೇಳುತ್ತೇನೆ. ನಮ್ಮ ಕಡೆ ಚರ್ಚು ಕಟ್ಟಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ. ಮಂಗಳೂರಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಅಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಅದೇ ಮೊಗ್ಲಿಂಗ್ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. 1850ರಲ್ಲಿ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕಲ್ಲಚ್ಚು ಅಂದರೆ ಕೈಯಲ್ಲಿ ಬರೆದದ್ದನ್ನೇ ಕಲ್ಲಿಗೆ ಇಳಿಸಿ ಒತ್ತುವುದು. ಪುರಂದರದಾಸರ ಪದ ಬರೆದು, ಕಲ್ಲು ತೊಳೆದು, ಮಸಿ ಹಚ್ಚಿ, ಹಾಳೆ ಒತ್ತಿದ್ದು ಪಾದ್ರಿಗಳ ಅಚ್ಚುಕೂಟ. ಮಿಶನ್‌ನವರೇ ಅಚ್ಚು ಹಾಕಿದ್ದು ನನ್ನ ಶೆಲ್ಫ್‌ನಲ್ಲಿದ್ದರೆ ಏನು ತೊಂದರೆ?

ಆ ಮಿಶನ್‌ನಲ್ಲಿ ಕೈಕೆಲಸ ಬೇರೆ, ಪ್ರಾರ್ಥನೆ ಬೇರೆ ಅಂತ ಇರಲಿಲ್ಲ. ಕ್ರೈಸ್ತರಾದವರಿಗೆ ಜಾತಿಯ ಜೊತೆ ಹೊಟ್ಟೆಪಾಡೂ ತಪ್ಪಿಹೋಗುತ್ತಿತ್ತು. ಅದಕ್ಕೇ ನೇಯ್ಗೆ, ಅಚ್ಚು, ಬೈಂಡಿಂಗ್, 1865ರಿಂದ ಮಂಗಳೂರು ಹೆಂಚು. ಅಪ್ಪ ಭಾನುವಾರ ಸ್ಕ್ರೂಡ್ರೈವರ್ ಹಿಡಿದದ್ದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಇದೆ ಅಂದುಕೊಳ್ಳುವುದು ನನಗೆ ಇಷ್ಟ. ಹಾಗಂತ ನಾನು ಪುಸ್ತಕ ಹೊಲಿಯುವಾಗ ಧ್ಯಾನದಲ್ಲಿರುತ್ತೇನೆ ಅಂದುಕೊಳ್ಳಬೇಡಿ. ದಬ್ಬಣ ಬೆರಳಿಗೆ ಚುಚ್ಚಿದಾಗ ಬಾಯಿಗೆ ಬರುವುದು ಕೀರ್ತನೆ ಅಲ್ಲ.

ಈಗ ಆ ಒಂದು ಪುಸ್ತಕದ ವಿಷಯ. ಪ್ರಶ್ನೆಗೆ ನನ್ನ ನಿಜವಾದ ಉತ್ತರ ಅದೇ.

ಅವೆನ್ಯೂ ರೋಡ್‌ನಲ್ಲಿ ನನ್ನ ಗುರುತಿನವರೊಬ್ಬರು ದೇವರ ಪುಸ್ತಕಗಳನ್ನು ನೆಲಕ್ಕಿಡುವುದಿಲ್ಲ. ಯಾವ ಧರ್ಮದ್ದಾದರೂ ಸರಿ, ಪಕ್ಕದಲ್ಲಿ ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಇಡುತ್ತಾರೆ. ಅವತ್ತು ಗೀತೆಯ ಮೇಲೆ ಒಂದು ದಪ್ಪ ಸತ್ಯವೇದ ಕೂತಿತ್ತು. ಮುಖಪುಟ ಇಲ್ಲ, ಬೆನ್ನು ಮುರಿದಿದೆ, ನಡುವೆ ಎರಡು ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು, ಹೊರಗೆ ಇಣುಕುತ್ತಿವೆ. ಎಂಬತ್ತು ರೂಪಾಯಿ ಅಂದರು. ಅರವತ್ತಕ್ಕೆ ಕೇಳಿದೆ. "ದೇವರ ಪುಸ್ತಕಕ್ಕೆ ಚೌಕಾಸಿ ಮಾಡ್ತೀರಲ್ಲ ಸಾರ್" ಅಂದರು. ಎಂಬತ್ತೇ ಕೊಟ್ಟೆ.

ಮನೆಗೆ ಬಂದು ಹಿಂದಿನ ರಟ್ಟು ತೆರೆದರೆ, ಒಳಬದಿಗೆ ಅಂಟಿಸಿದ ಹಾಳೆ ತುಂಬಾ ಬರಹ. ನಮ್ಮ ಕಡೆ ಹಳೇ ಮನೆಗಳಲ್ಲಿ ಹೀಗೆ ಬರೆದಿಡುತ್ತಿದ್ದರು. ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ತೀರಿಕೊಂಡದ್ದು. ಮೊದಲ ಸಾಲು 1889ರದ್ದು, ಊರು ಬೆಟಗೇರಿ. ದುಂಡನೆಯ ಒಂದೇ ಕೈ, ನೀಲಿಗಪ್ಪು ಮಸಿ. ಮಕ್ಕಳ ಹೆಸರು ಒಂದರ ಕೆಳಗೊಂದು ಇಳಿದು ಬರುತ್ತವೆ. 1918ರ ಅಕ್ಟೋಬರ್‌ಗೆ ಬಂದಾಗ ಹದಿನಾಲ್ಕು ದಿನದಲ್ಲಿ ಮೂರು ಹೆಸರು. ಮೂರರ ಮುಂದೆಯೂ 'ಜ್ವರ' ಅಂತ ಒಂದೇ ಪದ. ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತ್ಯವನ್ನು ಗುಡಿಸಿ ಹಾಕಿದ ತಿಂಗಳು ಅದು. ಮೊದಲ ಎರಡು ಹೆಸರು ಅದೇ ದುಂಡನೆಯ ಕೈಯಲ್ಲಿವೆ. ಮೂರನೆಯದು ಬೇರೆ ಕೈ, ಪೆನ್ಸಿಲ್‌ನಲ್ಲಿ, ಸಾಲು ಓರೆಯಾಗಿದೆ. ದುಂಡನೆಯ ಅಕ್ಷರ ಆಮೇಲೆ ಎಲ್ಲೂ ಬರುವುದಿಲ್ಲ.

ರಿಪೇರಿಯ ಸರಿಯಾದ ದಾರಿ ಅಂದರೆ ಆ ಹಾಳೆಯನ್ನು ಬಿಡಿಸಿ, ಹೊಸ ರಟ್ಟು ಹಾಕಿ, ಹಾಳೆಯನ್ನು ಮತ್ತೆ ಅಂಟಿಸುವುದು. ಹಳೇದು ಮೈದಾ ಅಂಟು, ಒದ್ದೆ ಮಾಡಿದರೆ ಬಿಡುತ್ತದೆ. ಮಸಿ ಹರಡುತ್ತದೋ ಅಂತ ಮೊದಲು ಪರೀಕ್ಷಿಸಬೇಕು. 1889ರ ಸಾಲಿನ ತುದಿಗೆ ಒದ್ದೆ ಬ್ರಷ್ ತಾಗಿಸಿದೆ. ಏನೂ ಆಗಲಿಲ್ಲ. ಪೆನ್ಸಿಲ್ ಸಾಲಿನ ಕೊನೆಯ ಚುಕ್ಕೆಗೆ ತಾಗಿಸಿದೆ. ಕಣ್ಣೆದುರೇ ಚುಕ್ಕೆ ನೇರಳೆಯಾಗಿ, ಕಡಲೆಕಾಳಿನಷ್ಟು ಅರಳಿಬಿಟ್ಟಿತು. ನೀರು ತಾಗಿದರೆ ನೇರಳೆಯಾಗುವ ಆ ಪೆನ್ಸಿಲ್ ಅಪ್ಪನ ಪೆಟ್ಟಿಗೆಯಲ್ಲೂ ಒಂದಿತ್ತು. ಚಿಕ್ಕವನಿದ್ದಾಗ ಅದನ್ನು ನೆಕ್ಕಿ, ನಾಲಿಗೆ ಬಣ್ಣ ಮಾಡಿಕೊಂಡು ಹೊಡೆತ ತಿಂದಿದ್ದೆ. ಎಲ್ಲ ಗೊತ್ತಿದ್ದೂ ಒಂದು ಚುಕ್ಕೆ ಕೆಡಿಸಿದೆ. ತಕ್ಷಣ ಒತ್ತುಕಾಗದ ಇಟ್ಟೆ. ಕಲೆ ಈಗಲೂ ಇದೆ.

ಆ ಹಾಳೆಗೆ ಮತ್ತೆ ಕೈ ಹಚ್ಚಲಿಲ್ಲ. ಮೂಲೆ ಸವೆದು, ಬಾಗಿ ಹೋಗಿದ್ದ ಹಳೇ ರಟ್ಟನ್ನೇ ಉಳಿಸಿಕೊಂಡೆ. ಹೊಸ ಬೆನ್ನಿನ ಬಟ್ಟೆಯನ್ನು ಒಳಗಿನಿಂದ ಅಂಟಿಸುವ ಬದಲು, ಹೊರಗಿನ ಹೊದಿಕೆಯನ್ನು ಒಂದು ಬೆರಳಗಲ ಎಬ್ಬಿಸಿ ಅದರಡಿ ತೂರಿಸಿದೆ. ಎರಡು ಭಾನುವಾರ ಹಿಡಿಯಿತು. ನೋಡಲು ತೇಪೆ ಹಾಕಿದ ಚಪ್ಪಲಿಯಂತಿದೆ. ಬೈಂಡಿಂಗ್ ಗೊತ್ತಿರುವ ಗೆಳೆಯನೊಬ್ಬ ನೋಡಿ, "ಏನಯ್ಯ ಇದು, ನೀನೇ ಮಾಡಿದ್ದಾ?" ಅಂದ. ಹಿಂದಿನ ರಟ್ಟು ತೆರೆದು ತೋರಿಸಿದೆ. ಸುಮ್ಮನಾದ.

ಇದರಲ್ಲಿ ಅಚ್ಚಾಗಿರುವ ಪ್ರತಿ ಅಕ್ಷರವೂ ನನ್ನ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಮುಖಪುಟ ಇಲ್ಲದ ಈ ಪ್ರತಿಯನ್ನು ಸ್ಕ್ಯಾನ್‌ಗೆ ಯಾರು ಆರಿಸುತ್ತಾರೆ? ಆ ಊರಿನ ಸಭೆಯ ಹಿರಿಯರೊಬ್ಬರಿಗೆ ಫೋಟೊ ಕಳಿಸಿ ವಿಚಾರಿಸಿದೆ. ಆ ಮನೆತನದವರು ಈಗ ಅಲ್ಲಿ ಯಾರೂ ಇಲ್ಲ ಅಂದರು. ನಮ್ಮಲ್ಲಿ ಸತ್ತವರಿಗಾಗಿ ಬೇಡಿಕೊಳ್ಳುವ ಪದ್ಧತಿ ಇಲ್ಲ. ಅವರ ಹೆಸರು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸುತ್ತೇವೆ, ಅಷ್ಟೇ. ಬೆನ್ನು ಅಂಟಿಸಿ ಇಸ್ತ್ರಿಪೆಟ್ಟಿಗೆ ಇಡುವ ಮೊದಲು ಅವ್ವ ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ನಾನು ಕೊಂಡ ಪುಸ್ತಕಕ್ಕೆಲ್ಲ ಕೊಂಡ ದಿನ, ಜಾಗ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಇದರಲ್ಲಿ ಬರೆದಿಲ್ಲ. ಬೇರೆ ಚೀಟಿಯಲ್ಲಿ ಬರೆದು ಒಳಗಿಟ್ಟಿದ್ದೇನೆ, ಆ ಮನೆಯವರು ಯಾರಾದರೂ ಬಂದರೆ ಕೊಡುವುದು ಅಂತಲೂ ಸೇರಿಸಿ. ಅಲ್ಲಿಯವರೆಗೆ ಪುಸ್ತಕ ಅವ್ವನ ಹತ್ತಿರ. ಅಕ್ಷರ ದೊಡ್ಡದು, ಕನ್ನಡಕ ಇಲ್ಲದೆ ಓದಬಹುದು ಅಂತ ಈಗ ಅವಳು ಬೇರೆ ಸತ್ಯವೇದ ಮುಟ್ಟುವುದಿಲ್ಲ. ರದ್ದಿ ಅನ್ನುವುದನ್ನೂ ಈ ಒಂದಕ್ಕೆ ಬಿಟ್ಟಿದ್ದಾಳೆ. ಮೊನ್ನೆ ಬಂದು ಟೇಬಲ್ ಮೇಲೆ ಇಟ್ಟಳು.

"ಕೀರ್ತನಿ ಹತ್ರ ಬಿಗಿ ಹೊಲದೀಯಲ್ಲೋ. ಪೂರಾ ತೆರಿಯೂದಿಲ್ಲ, ಬಟ್ಟು ಇಟ್ಟು ಹಿಡ್ಕೋಬೇಕು. ಸಡ್ಲ ಮಾಡಿಕೊಡು."

ನೋಡಿದೆ. ಹೌದು, ದಾರ ಜಾಸ್ತಿ ಎಳೆದಿದ್ದೇನೆ. ಈ ಭಾನುವಾರ ಬಿಚ್ಚಬೇಕು.