ಎರಡನೇ ಗೇರಿನ ಕರಕರ

ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದಾಗೆಲ್ಲ ಕರ್ ಅಂತ ಸದ್ದು. ನಾನೇ ಕ್ಲಚ್ ಪೂರ್ತಿ ಒತ್ತುತ್ತಿಲ್ಲವೇನೋ ಅಂದುಕೊಂಡೆ. ಒಂದು ವಾರ ಗಮನವಿಟ್ಟು ಓಡಿಸಿದರೂ ಸದ್ದು ಹೋಗಲಿಲ್ಲ. ನನ್ನದು 1960ರ ದಶಕದ ಕಾರು. ಅದರ ಗೇರ್ ಬಾಕ್ಸ್ ಇಳಿಸುವುದು ಅಂದರೆ ಎದೆ ಧಸಕ್ ಅನ್ನುತ್ತದೆ. ಮೊದಲು ಎಣ್ಣೆ ನೋಡಿಬಿಡೋಣ ಅಂತ ಒಂದು ಭಾನುವಾರ ಕಾರಿನ ಕೆಳಗೆ ಮಲಗಿದೆ.

ಸ್ವಲ್ಪ ದೂರ ಓಡಿಸಿ ಬಂದಿದ್ದೆ. ಎಣ್ಣೆ ಬೆಚ್ಚಗಿದ್ದರೆ ತಳದ ಕಸವನ್ನೂ ಹೊತ್ತುಕೊಂಡು ಇಳಿಯುತ್ತದೆ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಕಾರನ್ನು ಸಮವಾಗಿ ನಿಲ್ಲಿಸಿದೆ. ಓರೆಯಾಗಿದ್ದರೆ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ. ಕೈ ಮೊದಲು ಹೋಗಬೇಕಾದದ್ದು ಪಕ್ಕದಲ್ಲಿರುವ ಫಿಲ್ಲರ್ ಪ್ಲಗ್‌ಗೆ. ಎಣ್ಣೆಯೆಲ್ಲ ಇಳಿಸಿದ ಮೇಲೆ ಅದು ತಿರುಗದೇ ಹೋದರೆ ಹೊಸ ಎಣ್ಣೆ ಎಲ್ಲಿಂದ ಹಾಕುವುದು? ನನ್ನದು ಬಿಗಿದು ಕೂತಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಕಾದು, ಮತ್ತೆ ಸ್ಪ್ಯಾನರ್ ಹಾಕಿದಾಗ ಬಂತು. ಬೆರಳು ಇಟ್ಟು ನೋಡಿದೆ. ಎಣ್ಣೆ ತೂತಿನ ಕೆಳಗಿನ ಅಂಚಿಗೆ ಸರಿಯಾಗಿತ್ತು. ಮಟ್ಟ ಸರಿ ಇದೆ ಅಂದಮೇಲೆ ಎಣ್ಣೆಯ ಮೇಲೇ ಅನುಮಾನ ಬಂತು.

ಎಣ್ಣೆ ಇಳಿಸಲು ತಳದ ಡ್ರೈನ್ ಪ್ಲಗ್ ಬಿಚ್ಚಿದೆ. ಅದರ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿತ್ತು. ಅದು ಮಾಮೂಲಿ ಸವೆತ. ಚೂರುಗಳಿದ್ದರೆ ನಿಜಕ್ಕೂ ಹೆದರಬೇಕಿತ್ತು. ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿರಲಿಲ್ಲ, ಅಂದರೆ ನೀರು ಸೇರಿಲ್ಲ. ಆದರೆ ತಟ್ಟೆಯನ್ನು ಬಿಸಿಲಿಗೆ ಒಯ್ದು ಓರೆ ಮಾಡಿದಾಗ ಎಣ್ಣೆಯೊಳಗೆ ಸಣ್ಣಗೆ ಚಿನ್ನದ ಬಣ್ಣದ ಹೊಳಪು ಕಂಡಿತು. ಹಿತ್ತಾಳೆ! ಆಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ, ಅದಕ್ಕೇ ಪ್ಲಗ್‌ನಲ್ಲಿ ಸುಳಿವಿರಲಿಲ್ಲ.

ಡಿಕ್ಕಿಯಲ್ಲಿ ಹಿಂದಿನ ಸಲ ಎಣ್ಣೆ ಬದಲಿಸಿದವರು ಬಿಟ್ಟಿದ್ದ ಅರ್ಧ ಬಾಟಲಿ ಇತ್ತು. ಮೇಲೆ 80ಡಬ್ಲ್ಯು-90, ಜಿಎಲ್-5 ಅಂತ ಬರೆದಿತ್ತು. ಮೊದಲನೆಯದು ಎಣ್ಣೆ ಎಷ್ಟು ಮಂದ ಅನ್ನುವ ಅಳತೆ, ಎರಡನೆಯದು ಗೇರ್ ಆಯಿಲ್‌ನ ದರ್ಜೆ. ಜಿಎಲ್-4 ಅಂತ ಇನ್ನೊಂದು ದರ್ಜೆಯೂ ಇದೆ. ಐದು ನಾಲ್ಕಕ್ಕಿಂತ ಜಾಸ್ತಿ, ಹಾಗಾಗಿ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಹಾಗಲ್ಲ. ಜಿಎಲ್-5 ಇರುವುದು ಮುಖ್ಯವಾಗಿ ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರುಗಳಿಗೆ. ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದಕ್ಕಾಗಿ ಜಿಎಲ್-4ರಲ್ಲಿ ಇರುವುದರ ಸುಮಾರು ಎರಡರಷ್ಟು ಗಂಧಕ, ರಂಜಕದ ಮಿಶ್ರಣ ಸೇರಿಸಿರುತ್ತಾರೆ. ನನ್ನ ಗೇರ್ ಬಾಕ್ಸ್‌ನ ಸಿಂಕ್ರೊ ಉಂಗುರಗಳು, ಅಂದರೆ ಗೇರು ಕೂಡುವ ಮೊದಲು ವೇಗ ಹೊಂದಿಸುವ ಉಂಗುರಗಳು, ಹಿತ್ತಾಳೆಯವು. ಬಿಸಿಯಾದಾಗ ಆ ಗಂಧಕ ತಾಮ್ರದ ಮಿಶ್ರಲೋಹವನ್ನು ತಿನ್ನಬಹುದು. ತಾಮ್ರಕ್ಕೆ ಹಾನಿ ಮಾಡದಂಥ ಜಿಎಲ್-5 ಕೂಡ ಈಗ ಬರುತ್ತದೆ, ನಿಜ. ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಜಾರಿಕೆ. ಸಿಂಕ್ರೊ ಉಂಗುರ ಗೇರಿನ ಶಂಕುವನ್ನು ಉಜ್ಜಿ ಹಿಡಿದು ಎರಡರ ವೇಗವನ್ನೂ ಒಂದು ಮಾಡಬೇಕು. ಎಣ್ಣೆ ವಿಪರೀತ ಜಾರಿದರೆ ಹಿಡಿತ ಸಿಗುವುದಿಲ್ಲ. ಹಲ್ಲಿಗೆ ಹಲ್ಲು ಬಡಿಯುತ್ತದೆ, ಕರ್ ಅನ್ನುತ್ತದೆ.

ಎಣ್ಣೆ ಎಷ್ಟು ಮಂದ ಇರಬೇಕು ಅನ್ನುವುದಕ್ಕೆ ಕಾರಿನ ಕೈಪಿಡಿಯಲ್ಲಿ ಎಸ್‌ಎಇ 90 ಅಂತಿತ್ತು. ಸಂಖ್ಯೆ ನೋಡಿ ಇದು ಎಂಜಿನ್ ಆಯಿಲ್‌ಗಿಂತ ತುಂಬಾ ಮಂದ ಅಂದುಕೊಳ್ಳಬೇಡಿ. ಗೇರ್ ಆಯಿಲ್‌ನ ಅಳತೆಯೇ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ಮಂದ. ಎಲ್ಲ ಹಳೆ ಕಾರಿಗೂ ಗೇರ್ ಆಯಿಲ್ಲೇ ಬೇಕು ಅಂತಲೂ ಇಲ್ಲ. 1959ರಲ್ಲಿ ಬಂದ ಮಿನಿ ಅನ್ನುವ ಬ್ರಿಟಿಷ್ ಪುಟ್ಟ ಕಾರಿನ ಗೇರ್ ಬಾಕ್ಸ್ ಎಂಜಿನ್ ಸಂಪ್‌ನೊಳಗೇ, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿಯೊಳಗೇ ಇದೆ, ಎರಡಕ್ಕೂ ಒಂದೇ ಎಣ್ಣೆ. ಹಾಗಾಗಿ ಕೈಪಿಡಿ ನೋಡದೆ ಸುಮ್ನೆ ಯಾವುದೋ ಒಂದು ಹಾಕಬಾರದು.

80ಡಬ್ಲ್ಯು-90, ಜಿಎಲ್-4 ತಂದೆ. ಡ್ರೈನ್ ಪ್ಲಗ್‌ಗೆ ಹೊಸ ತಾಮ್ರದ ವಾಷರ್ ಹಾಕಿ ಬಿಗಿದೆ. ಫಿಲ್ಲರ್ ತೂತಿನಿಂದ ಎಣ್ಣೆ ತೊಟ್ಟಿಕ್ಕುವವರೆಗೆ ಪಂಪ್ ಮಾಡಿ, ತೊಟ್ಟಿಕ್ಕುವುದು ನಿಂತ ಮೇಲೆ ಮುಚ್ಚಿದೆ.

ಮೊದಲ ಕೆಲವು ಕಿಲೋಮೀಟರ್‌ನಲ್ಲಿ ಎರಡು ಸಲ ಕರ್ ಅಂತು. ಆಮೇಲೆ ಮೂರರಿಂದ ಎರಡಕ್ಕೆ ಬೆರಳಲ್ಲೇ ಇಳಿಯಿತು. ಎಷ್ಟು ಖುಷಿಯಾಯಿತೆಂದರೆ, ಬೇಕಂತಲೇ ಮತ್ತೆ ಮತ್ತೆ ಗೇರ್ ಇಳಿಸಿದೆ. ಅವಸರದಲ್ಲಿ ಹಾಕಿದರೆ ಈಗಲೂ ಒಮ್ಮೊಮ್ಮೆ ಸದ್ದು ಬರುತ್ತದೆ. ಉಂಗುರ ಅಷ್ಟಿಷ್ಟು ಸವೆದಿದೆ, ಅದನ್ನು ಎಣ್ಣೆ ವಾಪಸ್ ಕೊಡುವುದಿಲ್ಲ. ಹಳೆ ಎಣ್ಣೆಯನ್ನು ಒಂದು ಗಾಜಿನ ಸೀಸೆಯಲ್ಲಿ ಸ್ವಲ್ಪ ಎತ್ತಿಟ್ಟಿದ್ದೇನೆ. ಆರು ತಿಂಗಳ ನಂತರ ಹೊಸದನ್ನು ಅದರ ಪಕ್ಕ ಬಿಸಿಲಿಗೆ ಹಿಡಿದು ಹೊಳಪು ನೋಡಬೇಕು.