ಹೊಳೆ ಏರುವಾಗ ಜನರಿಗೆ ಹೇಳಬೇಕಾದ್ದು ಕ್ಯೂಸೆಕ್ ಅಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ (ಕಟ್ಟೆಯ ಮೇಲ್ಭಾಗದಿಂದ ನೀರು ಬಿಡುವ ಬಾಗಿಲು) ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ನುಗ್ಗಿತು. ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ತೆರೆದಾಗ ನದಿಗೆ ಹರಿದದ್ದು ಲಕ್ಷದ ಆಸುಪಾಸು. ಇಂಥ ರಾತ್ರಿ ನದಿಪಾತ್ರದ ಹಳ್ಳಿಗಳಲ್ಲಿ ಏಳುವ ಮೊದಲ ಪ್ರಶ್ನೆ: "ಡ್ಯಾಮ್ ಒಡೀತೇನ್ರೀ?"

ಇದಕ್ಕೆ ಆಡಳಿತದವರು "ಆತಂಕ ಬೇಡ" ಎನ್ನುವುದು ಉತ್ತರವೇ ಅಲ್ಲ. ಆ ಮಾತು ಕೇಳಿದ ಕೂಡಲೇ ಜನ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಕೊಡಬೇಕಾದ ಉತ್ತರ ಹೀಗಿರಬೇಕು: "33 ಗೇಟ್‌ಗಳಲ್ಲಿ ಒಂದು ಹೋಗಿದೆ, ಕಟ್ಟೆ ಗಟ್ಟಿಯಿದೆ. ಈಗ ಬರುತ್ತಿರುವ ಹೆಚ್ಚಿನ ನೀರು ನಾವೇ ಬಿಡುತ್ತಿರುವುದು, ಮಟ್ಟ ಇಳಿಸಿದರೆ ಮಾತ್ರ ರಿಪೇರಿ ಆಗುತ್ತದೆ." ಕಾರಣ ಹೇಳದೆ ಗೇಟ್ ತೆರೆದರೆ, ತೆರೆದದ್ದೇ ಒಡೆದದ್ದಕ್ಕೆ ಸಾಕ್ಷಿಯಾಗಿ ಕಾಣುತ್ತದೆ.

ಕೇಳುವವರು ಒಂದೇ ಗುಂಪಲ್ಲ ಎಂಬುದನ್ನೂ ಮರೆಯಬಾರದು. ದಂಡೆಯವರಿಗೆ ನೀರು ಬರುತ್ತದೆಂಬ ಭಯ. ಕಾಲುವೆ ಕೆಳಗಿನ ರೈತರಿಗೆ ನೀರು ಹೋಗುತ್ತಿದೆ, ಭತ್ತದ ಗತಿ ಏನು ಎಂಬ ಸಂಕಟ. ಇಬ್ಬರಿಗೂ ಒಂದೇ ಪ್ರಕಟಣೆ ಕಳಿಸಿದರೆ ಇಬ್ಬರ ಪ್ರಶ್ನೆಯೂ ಹಾಗೇ ಉಳಿಯುತ್ತದೆ.

ಇನ್ನು ಅಳತೆಯ ಮಾತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಎಂಜಿನಿಯರಿಗೆ ಅದು ಬೇಕು. ದಂಡೆಯವರಿಗೆ ಬೇಕಾದ್ದು "ನನ್ನ ಓಣಿಗೆ ಬರುತ್ತದೋ ಇಲ್ಲವೋ" ಎಂಬುದು. ಹಂಪಿಯ ಕಡೆಯವರಿಗೆ ಪುರಂದರ ಮಂಟಪ ಮುಳುಗಿತು ಅಂದರೆ ಸಾಕು, ಹೊಳೆ ಎಷ್ಟು ಏರಿದೆ ಎಂದು ಗೊತ್ತಾಗುತ್ತದೆ. ಪ್ರತಿ ಊರಲ್ಲೂ ಇಂಥ ಗುರುತು ಇರುತ್ತದೆ: ಗುಡಿಯ ಮೆಟ್ಟಿಲು, ಸೇತುವೆಯ ಕಂಬ, ಹೊಳೆಯಿಂದ ನೀರೆತ್ತುವ ಜಾಕ್‌ವೆಲ್. ಮಳೆಗಾಲಕ್ಕೆ ಮೊದಲೇ ಊರ ಹಿರಿಯರನ್ನು ಕೇಳಿ, ಎಷ್ಟು ನೀರು ಬಿಟ್ಟಾಗ ಯಾವ ಗುರುತಿಗೆ ಬಂದಿತ್ತು ಎಂದು ಬರೆದಿಟ್ಟುಕೊಂಡಿರಬೇಕು.

ಆಟೋ ಮೈಕಿನಲ್ಲಿ ಕೂಗುವ ಮಾತು ಅರ್ಧ ನಿಮಿಷ ಮೀರಬಾರದು. ಉದಾಹರಣೆಗೆ:

"ತಾಲೂಕು ಆಡಳಿತದ ಸೂಚನೆ. ಈಗ ಸಂಜೆ 4 ಗಂಟೆ. ರಾತ್ರಿ ಹೊಳೆ ಏರುತ್ತದೆ, ಗುಡಿಯ ಮೆಟ್ಟಿಲವರೆಗೆ ಬರಬಹುದು. ಪಂಪ್‌ಸೆಟ್ ಇದ್ದವರು 5ರೊಳಗೆ ತೆಗೆದುಕೊಳ್ಳಿ, ಆಮೇಲೆ ಯಾರೂ ಹೊಳೆಗೆ ಇಳಿಯಬೇಡಿ. ದಂಡೆ ಓಣಿಯವರು ದನಕರು ಸಮೇತ ಹೈಸ್ಕೂಲಿನ ಕಾಳಜಿ ಕೇಂದ್ರಕ್ಕೆ ಬನ್ನಿ, ಮೇವು ಇದೆ. ಮತ್ತೆ 8 ಗಂಟೆಗೆ ತಿಳಿಸುತ್ತೇವೆ."

ಇದರಲ್ಲಿ ಪಂಪ್‌ಸೆಟ್ಟಿನ ಮಾತು ಬಿಟ್ಟರೆ, ಕತ್ತಲಾದ ಮೇಲೆ ಮೋಟಾರು ಎತ್ತಲು ಹೋಗಿ ನಡುಗಡ್ಡೆಯಲ್ಲಿ ಸಿಕ್ಕಿಕೊಳ್ಳುವವರು ಇದ್ದೇ ಇರುತ್ತಾರೆ. ದನಕರು, ಮೇವಿನ ಮಾತು ಬಿಟ್ಟರೆ ಮನೆಯ ಗಂಡಸರು ಕದಲುವುದಿಲ್ಲ. ಎಮ್ಮೆ ಕಟ್ಟಿಹಾಕಿ ಬನ್ನಿ ಎನ್ನುವುದು ರೈತನಿಗೆ ಹೇಳುವ ಮಾತಲ್ಲ. ಆಟೋ ಓಡುತ್ತಲೇ ಕೂಗಿದರೆ ಅರ್ಧ ವಾಕ್ಯವಷ್ಟೇ ಕಿವಿಗೆ ಬೀಳುತ್ತದೆ. ಪ್ರತಿ ತಿರುವಿನಲ್ಲಿ ನಿಲ್ಲಿಸಿ ಎರಡು ಸಲ ಹೇಳಿಸಿ.

8 ಗಂಟೆ ಎಂದ ಮೇಲೆ 8ಕ್ಕೇ ಹೇಳಬೇಕು, ಹೊಸದೇನೂ ಇಲ್ಲದಿದ್ದರೂ. "ನೀರು ಅಷ್ಟೇ ಇದೆ, ಮುಂದೆ 10ಕ್ಕೆ" ಎಂದರೂ ನಡೆಯುತ್ತದೆ. ಸುಮ್ಮನಿದ್ದರೆ ಆ ಜಾಗವನ್ನು ವಾಟ್ಸಾಪಿನ ಹಳೇ ವಿಡಿಯೋ ತುಂಬುತ್ತದೆ. ಅದಕ್ಕೇ ನಾವು ಕಳಿಸುವ ಪ್ರತಿ ಧ್ವನಿಮುದ್ರಣದಲ್ಲೂ ದಿನಾಂಕ, ಸಮಯ ಬಾಯಲ್ಲೇ ಹೇಳಿರಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಅದೇ ವದಂತಿಯಾಗಿ ತಿರುಗುತ್ತದೆ.

ಜಿಲ್ಲೆಯ ತುರ್ತು ಸಹಾಯವಾಣಿ 1077ಕ್ಕೆ ಬರುವ ಕರೆಯಲ್ಲಿ ಮೊದಲು ಊರು, ಗುರುತು, ಇನ್ನೊಂದು ಫೋನ್ ನಂಬರ್ ಕೇಳಿ. ಬ್ಯಾಟರಿ ಯಾವಾಗ ಸಾಯುತ್ತದೋ ಗೊತ್ತಿಲ್ಲ. ಆಮೇಲೆ ಎಷ್ಟು ಜನ, ನೀರು ಮೊಣಕಾಲಿಗೋ ಸೊಂಟಕ್ಕೋ ಎಂದು ಒಂದೊಂದಾಗಿ ಕೇಳಿ. ಅಳುತ್ತಿರುವವರಿಗೆ "ಅಳಬೇಡಿ" ಎನ್ನುವುದಕ್ಕಿಂತ "ಅಕ್ಕಾ, ಮಾಳಿಗೆಗೆ ಹತ್ತೋಕೆ ಮೆಟ್ಟಿಲಿದೆಯಾ?" ಎಂದು ಕೇಳುವುದು ಮೇಲು. ಕೈಗೊಂದು ಕೆಲಸ ಸಿಕ್ಕರೆ ಉಸಿರು ಹಿಡಿತಕ್ಕೆ ಬರುತ್ತದೆ. ದೋಣಿ ಹೊರಟಿಲ್ಲದಿದ್ದರೆ ಹೊರಟಿದೆ ಎನ್ನಬೇಡಿ.

ನೀರು ಇಳಿದ ದಿನ ಬಹುಪಾಲು ಕಚೇರಿಗಳು ಮೈಕು ಕೆಳಗಿಡುತ್ತವೆ. ಆಗಲೂ ಹೇಳುವುದಿದೆ: ಯಾವ ಓಣಿಯವರು ಯಾವಾಗ ಮರಳಬಹುದು, ಮನೆಯ ಮೇನ್ ಸ್ವಿಚ್ ಯಾರು ನೋಡುವವರೆಗೆ ಹಾಕಬಾರದು, ಕುಡಿಯುವ ನೀರಿನ ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ.